ಫೋಟೊ ಮನೆಗೆ ಬಂತು, ಹೆಸರು ಬರಲಿಲ್ಲ

ನನ್ನ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ತುಲಾ ಮಾಸದ 10ಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ, ಚಂದ್ರಗಿರಿ ಹೊಳೆಯ ಆಚೆ ತೆಯ್ಯಂ, ಅಂದರೆ ವೇಷ ಕಟ್ಟಿ ಮಾಡುವ ದೈವಾರಾಧನೆ, ಶುರುವಾಗುತ್ತದೆ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಕೋಲ, ನೇಮ, ಬಯಲಾಟ. ಮೇ ಕೊನೆಗೆ ಈ ಸೀಸನ್ ಮುಗಿಸುವ ಪತ್ತನಾಜೆ ಬರುವವರೆಗೆ ನಾನು ಮನೆಯಲ್ಲಿ ಮಲಗುವ ರಾತ್ರಿ ಕಡಿಮೆ. ಒಂದು ಬ್ಯಾಗಿನಲ್ಲಿ ಎರಡು ಕ್ಯಾಮರಾ, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಮತ್ತು ಫೋಟೊ ತುಂಬಿಡುವ ಎರಡು ಎಸ್‌ಎಸ್‌ಡಿ ಡಿಸ್ಕ್. ನೀಲೇಶ್ವರದಲ್ಲಿ ಚಿಕ್ಕಮ್ಮನ ಮನೆ ಇದೆ. ಆ ಕಡೆಯ ಕೆಲಸಕ್ಕೆಲ್ಲ ಅದೇ ನನ್ನ ಬಿಡಾರ.

ಕೆಲಸ ಮಾಡುವುದು ಫೋಟೊ ಜೋಡಿಸಿ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ಎಂಬ ಸಾಫ್ಟ್‌ವೇರ್‌ನಲ್ಲಿ. ಮನೆಯ ಡೆಸ್ಕ್‌ಟಾಪ್‌ನಲ್ಲಿ ಒಂದು ದೊಡ್ಡ ಕ್ಯಾಟಲಾಗ್, ಅಂದರೆ ಫೋಟೊಗಳ ದಾಖಲೆಯ ಫೈಲ್, ಇದೆ. ಅದನ್ನು ತಾಯಿ ಕ್ಯಾಟಲಾಗ್ ಅನ್ನುತ್ತೇನೆ. ತಿರುಗಾಟಕ್ಕೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕ್ಯಾಟಲಾಗ್. ಇವೆರಡನ್ನು ಸರಿಯಾಗಿ ಒಂದು ಮಾಡುವುದನ್ನು ಕಲಿಯಲು ನನಗೆ ಒಂದು ದೊಡ್ಡ ನಷ್ಟವೇ ಬೇಕಾಯಿತು. ಅದನ್ನೇ ಮೊದಲು ಹೇಳುತ್ತೇನೆ.

ಆ ಸಲ ಒಂದು ತರವಾಡಿನಲ್ಲಿ (ಕುಟುಂಬದ ಮೂಲ ಮನೆಯಲ್ಲಿ) ಮೂರು ರಾತ್ರಿಯ ಕಳಿಯಾಟ, ಅಂದರೆ ತೆಯ್ಯಂ ಉತ್ಸವ. ಆ ಮನೆಯ ಹಿರಿಯ ಅಜ್ಜನೊಬ್ಬರು ಬಹಳ ವರ್ಷ ಮಂಗಳೂರಿನಲ್ಲಿ ಇದ್ದವರು. ಒಳ್ಳೆ ಕನ್ನಡ ಮಾತಾಡುತ್ತಾರೆ. ಬೆಳಿಗ್ಗೆ ಚಾ ಕುಡಿಯುತ್ತ ಲ್ಯಾಪ್‌ಟಾಪ್ ಮುಂದೆ ಕೂತು ಒಂದೊಂದೇ ಫೋಟೊ ನೋಡಿ ಹೇಳುತ್ತಿದ್ದರು. ಈ ವೇಷ ಕಟ್ಟಿದವರು ಯಾರು, ಅವರ ತಂದೆ ಯಾವ ತೆಯ್ಯಕ್ಕೆ ಹೆಸರಾದವರು, ಚೆಂಡೆಯವರು ಯಾವ ಊರಿನವರು, ಮುಖಕ್ಕೆ ಬಣ್ಣ ಬರೆಯುತ್ತಿರುವ ಹುಡುಗ ಯಾರ ಮೊಮ್ಮಗ. ಎಲ್ಲವನ್ನೂ ಅಲ್ಲಲ್ಲೇ ಆಯಾ ಫೋಟೊದ ಕ್ಯಾಪ್ಶನ್‌ನಲ್ಲಿ ಟೈಪ್ ಮಾಡಿದೆ.

ಮನೆಗೆ ಬಂದವನು ಫೋಟೊಗಳ ಫೋಲ್ಡರನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ತಾಯಿ ಕ್ಯಾಟಲಾಗ್‌ಗೆ ಹೊಸದಾಗಿ ಇಂಪೋರ್ಟ್ ಮಾಡಿದೆ. ಅವಸರದಲ್ಲಿದ್ದೆ, ಮುಂದಿನ ಕೆಲಸಕ್ಕೆ ಲ್ಯಾಪ್‌ಟಾಪ್‌ನಲ್ಲಿ ಜಾಗ ಬೇಕಿತ್ತು. ತಿರುಗಾಟದ ಕ್ಯಾಟಲಾಗ್ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಎರಡು ತಿಂಗಳ ಮೇಲೆ ಒಂದು ಫೋಟೊ ಹುಡುಕಲು ಹೋದಾಗ ಗೊತ್ತಾಯಿತು. 1,846 ಫೋಟೊಗಳೂ ಇವೆ. ಒಂದರಲ್ಲೂ ಹೆಸರಿಲ್ಲ.

ಆಗಿದ್ದು ಇಷ್ಟೆ. ಕ್ಯಾಟಲಾಗ್ ಒಳಗೆ ಫೋಟೊ ಇರುವುದಿಲ್ಲ. ಮದುವೆ ಮನೆಯಲ್ಲಿ ಉಡುಗೊರೆ ಬರೆಯುವ ಪುಸ್ತಕ ನೋಡಿದ್ದೀರಲ್ವಾ? ಯಾರು ಏನು ಕೊಟ್ಟರು ಅನ್ನುವುದು ಪುಸ್ತಕದಲ್ಲಿ, ಕೊಟ್ಟ ವಸ್ತು ಬೇರೆ ಕೋಣೆಯಲ್ಲಿ. ಕ್ಯಾಟಲಾಗ್ ಕೂಡ ಹಾಗೆಯೇ. ಫೋಟೊ ಯಾವ ಡಿಸ್ಕಿನ ಯಾವ ಫೋಲ್ಡರಿನಲ್ಲಿದೆ, ಎಷ್ಟು ಸ್ಟಾರ್ ಕೊಟ್ಟಿದ್ದೇವೆ, ಕ್ಯಾಪ್ಶನ್ ಏನು, ಕೀವರ್ಡ್ ಏನು, ಎಷ್ಟು ಬೆಳಕು ಏರಿಸಿದ್ದೇವೆ, ಎಲ್ಲ ಕ್ಯಾಟಲಾಗ್‌ನ ಎಲ್‌ಆರ್‌ಕ್ಯಾಟ್ (.lrcat) ಫೈಲಿನಲ್ಲಿ ಇರುತ್ತದೆ. ಕ್ಯಾಮರಾ ಕೊಟ್ಟ ಅಸಲು ಫೋಟೊವನ್ನು, ಅಂದರೆ ರಾ ಫೈಲನ್ನು, ಅದು ಮುಟ್ಟುವುದೇ ಇಲ್ಲ. ನಾನು ವಸ್ತುಗಳನ್ನು ಮನೆಗೆ ತಂದು ಪುಸ್ತಕವನ್ನು ಸುಟ್ಟಿದ್ದೆ.

ಮತ್ತೆ ಅಜ್ಜನ ಮನೆಗೆ ಹೋದೆ. ಪುನಃ ಹೇಳಲು ಅವರಿಗೇನೂ ಬೇಸರವಿರಲಿಲ್ಲ. ಆದರೆ ಕೆಲವು ಮುಖಗಳ ಹತ್ತಿರ ನಿಂತುಬಿಟ್ಟರು. "ದೊಡ್ಡ ಮುಡಿಯವರದ್ದು ನೆನಪುಂಟು ಮಗಾ. ಈ ಹುಡುಗರ ಹೆಸರೆಲ್ಲ ಆವತ್ತು ಕೇಳಿ ಹೇಳಿದ್ದು ನಾನು. ನೀನು ಬರೆದುಕೊಂಡಿದ್ದಿಯಲ್ಲ?" ಅಂದರು. ನನಗೆ ಮಾತು ಹೊರಡಲಿಲ್ಲ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಈಗ ಮಾಡುವುದು ಹೀಗೆ.

ಹೊರಡುವ ಮೊದಲು ಆ ತಿರುಗಾಟಕ್ಕೆಂದೇ ಹೊಸ ಕ್ಯಾಟಲಾಗ್ ತೆರೆಯುತ್ತೇನೆ. ಹೆಸರಿನಲ್ಲಿ ವರ್ಷ, ತಿಂಗಳು, ಊರು. ಅದನ್ನು ಲ್ಯಾಪ್‌ಟಾಪ್‌ನ ಒಳಗೆ ಇಡುವುದಿಲ್ಲ, ಫೋಟೊಗಳ ಜೊತೆ ಎಸ್‌ಎಸ್‌ಡಿಯಲ್ಲೇ ಇಡುತ್ತೇನೆ. ಪುಸ್ತಕವೂ ವಸ್ತುವೂ ಒಂದೇ ಗಂಟಿನಲ್ಲಿ ಇರಲಿ ಅಂತ. ಎಸ್‌ಎಸ್‌ಡಿ ಎಳೆಯುವ ಮೊದಲು ಲೈಟ್‌ರೂಮ್ ಪೂರ್ತಿ ಮುಚ್ಚಿರಬೇಕು. ತೆರೆದಿರುವಾಗ ಕ್ಯಾಟಲಾಗ್ ಪಕ್ಕದಲ್ಲಿ ಲಾಕ್ ಫೈಲ್ ಕೂತಿರುತ್ತದೆ. ಆಗ ಎಳೆದರೆ ಕ್ಯಾಟಲಾಗ್ ಕೆಡಬಹುದು.

ಮನೆಯಲ್ಲೂ ಲ್ಯಾಪ್‌ಟಾಪ್‌ನಲ್ಲೂ ಲೈಟ್‌ರೂಮ್‌ನ ಒಂದೇ ಆವೃತ್ತಿ ಇಟ್ಟುಕೊಳ್ಳುತ್ತೇನೆ. ಹೊಸ ಆವೃತ್ತಿಯ ಕ್ಯಾಟಲಾಗನ್ನು ಹಳೆಯದು ತೆರೆಯದೇ ಇರಬಹುದು. ಹಾಗಾಗಿ ಸೀಸನ್ ಮಧ್ಯೆ ಅಪ್‌ಡೇಟ್ ಮಾಡುವುದಿಲ್ಲ.

ಕಳಿಯಾಟ ಸಂಜೆ ಶುರುವಾಗಿ ಬೆಳಗಿನವರೆಗೆ ನಡೆಯುತ್ತದೆ. ಇಂಪೋರ್ಟ್ ಮಾಡುವಾಗ 'ಬೈ ಡೇಟ್' ಆರಿಸಿದರೆ ನಡುರಾತ್ರಿ 12ಕ್ಕೆ ಒಂದೇ ತೆಯ್ಯ ಎರಡು ಫೋಲ್ಡರಾಗಿ ಒಡೆಯುತ್ತದೆ. ಮೊದಲು ಹಾಡುವ ತೋಟ್ಟಂ ಒಂದು ಕಡೆ, ಮುಡಿ (ತಲೆಯ ಕಿರೀಟ) ಏರಿಸಿದ ಮೇಲಿನದು ಇನ್ನೊಂದು ಕಡೆ. ಅದಕ್ಕೆ ನಾನು 'ಇನ್‌ಟು ಒನ್ ಫೋಲ್ಡರ್' ಆರಿಸಿ, ಶುರುವಾದ ಸಂಜೆಯ ತಾರೀಖನ್ನೇ ಫೋಲ್ಡರಿಗೆ ಇಡುತ್ತೇನೆ. ಫೈಲ್ ಹೆಸರನ್ನೂ ಅಲ್ಲೇ ಬದಲಾಯಿಸುತ್ತೇನೆ: ತಾರೀಖು, ಸಮಯ, ಕ್ಯಾಮರಾದ ನಂಬರ್. ಕ್ಯಾಮರಾದ ಎಣಿಕೆ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಒಂದೇ ಹೆಸರಿನ ಎರಡು ಫೋಟೊ ತಾಯಿ ಕ್ಯಾಟಲಾಗ್‌ನಲ್ಲಿ ಸೇರಿದರೆ ಆಮೇಲೆ ತಲೆಬಿಸಿ. ಎರಡು ಕ್ಯಾಮರಾ ಇದ್ದರೆ ಹೊರಡುವ ದಿನವೇ ಎರಡರ ಗಡಿಯಾರ ಸರಿ ಮಾಡಿಕೊಳ್ಳಬೇಕು. ಮರೆತರೆ 'ಎಡಿಟ್ ಕ್ಯಾಪ್ಚರ್ ಟೈಮ್' ಇದೆ. ಒಂದು ಕ್ಯಾಮರಾದ ಎಲ್ಲ ಫೋಟೊ ಆರಿಸಿ ಒಟ್ಟಿಗೆ ಹಿಂದೆ ಮುಂದೆ ಸರಿಸಬಹುದು.

ಬೆಳಿಗ್ಗೆ ಚಿಕ್ಕಮ್ಮನ ಮನೆ ತಲುಪಿದ ಕೂಡಲೇ ಕಾರ್ಡ್‌ಗಳಿಂದ ಮೊದಲ ಎಸ್‌ಎಸ್‌ಡಿಗೆ ಇಂಪೋರ್ಟ್, ಎರಡನೆಯದಕ್ಕೆ ಕಾಪಿ. ಮನೆಯಲ್ಲಿ ಸೇರಿಸಿ ಮುಗಿಯುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ಸಾಕಷ್ಟು ಕಾರ್ಡ್ ಕೊಂಡುಕೊಳ್ಳುವುದು ದುಬಾರಿ ಅನಿಸಬಹುದು, ಆದರೆ ಅದು ನೆಮ್ಮದಿ. ಫೋಟೊಗಳ ಸಣ್ಣ ಪ್ರತಿ ಮಾಡುವ 'ಬಿಲ್ಡ್ ಸ್ಮಾರ್ಟ್ ಪ್ರಿವ್ಯೂಸ್' ಟಿಕ್ ಮಾಡಿ ಮಲಗುತ್ತೇನೆ. ಎದ್ದಾಗ ಕೆಲಸ ಮುಗಿದಿರುತ್ತದೆ.

ತಿರುಗಾಟದಲ್ಲಿ ಇರುವಾಗ ಬಣ್ಣ ತಿದ್ದುವ ಕೆಲಸ ಜಾಸ್ತಿ ಮಾಡುವುದಿಲ್ಲ. ಲ್ಯಾಪ್‌ಟಾಪ್ ಪರದೆಯಲ್ಲಿ ತೆಯ್ಯದ ಕೆಂಪು ನನಗೆ ಸರಿಯಾಗಿ ಸಿಕ್ಕಿದ್ದೇ ಇಲ್ಲ. ಬೆಂಕಿಯ ಬೆಳಕಿನಲ್ಲಿ ತೆಗೆದದ್ದಂತೂ ಮನೆಯ ಮಾನಿಟರ್‌ನಲ್ಲೇ ನೋಡಬೇಕು. ಅಲ್ಲಿ ಮಾಡುವುದು ಎರಡೇ ಕೆಲಸ. ಒಂದು, ಬೇಡದ್ದನ್ನು ಬೇರೆ ಮಾಡುವುದು. ಇನ್ನೊಂದು, ಗೊತ್ತಿರುವವರ ಹತ್ತಿರ ಕೂತು ಹೆಸರು ಬರೆಯುವುದು. ಬಣ್ಣ ಯಾವಾಗ ಬೇಕಾದರೂ ತಿದ್ದಬಹುದು. ಹೇಳುವವರು ಎದುರಿಗೆ ಇರುವುದು ಆ ಬೆಳಿಗ್ಗೆ ಮಾತ್ರ.

ಸೆಟ್ಟಿಂಗ್ಸ್‌ನಲ್ಲಿ 'ಆಟೋಮ್ಯಾಟಿಕಲಿ ರೈಟ್ ಚೇಂಜಸ್ ಇನ್‌ಟು ಎಕ್ಸ್‌ಎಂಪಿ' ಅನ್ನುವುದನ್ನೂ ಆನ್ ಇಟ್ಟಿದ್ದೇನೆ. ಆಗ ಪ್ರತಿ ರಾ ಫೈಲಿನ ಪಕ್ಕದಲ್ಲಿ ಒಂದು ಸಣ್ಣ ಫೈಲ್ ಆಗುತ್ತದೆ. ಕ್ಯಾಪ್ಶನ್, ಕೀವರ್ಡ್, ಸ್ಟಾರ್, ತಿದ್ದಿದ ಬಣ್ಣ ಅದರಲ್ಲೂ ಬರೆದಿರುತ್ತದೆ. ಆ ವರ್ಷ ಇದೊಂದು ಆನ್ ಇದ್ದಿದ್ದರೆ ನನ್ನ ಹೆಸರುಗಳು ಉಳಿಯುತ್ತಿದ್ದವು. ಆದರೆ ಇದು ಕ್ಯಾಟಲಾಗ್‌ಗೆ ಬದಲಿ ಅಲ್ಲ. ಕಲೆಕ್ಷನ್‌ಗಳು (ಆರಿಸಿ ಮಾಡಿದ ಗುಂಪುಗಳು), ವರ್ಚುವಲ್ ಕಾಪಿಗಳು (ಒಂದೇ ಫೋಟೊದ ಬೇರೆ ತಿದ್ದುಪಡಿಗಳು), ಎಡಿಟ್ ಹಿಸ್ಟರಿ ಅದರಲ್ಲಿ ಇರುವುದಿಲ್ಲ.

ಇನ್ನು ಸೇರಿಸುವ ಕೆಲಸ. ಮನೆಗೆ ಬಂದು ಸ್ನಾನ, ಊಟ, ನಿದ್ದೆ ಮುಗಿಸಿಯೇ ಇದಕ್ಕೆ ಕೂರುತ್ತೇನೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಮಾಡುವ ಕೆಲಸ ಇದಲ್ಲ. ಮೊದಲು ತಾಯಿ ಕ್ಯಾಟಲಾಗ್‌ನ ಬ್ಯಾಕಪ್. ಆಮೇಲೆ ಅದನ್ನು ತೆರೆದು ಫೈಲ್ ಮೆನುವಿನಲ್ಲಿ 'ಇಂಪೋರ್ಟ್ ಫ್ರಮ್ ಅನದರ್ ಕ್ಯಾಟಲಾಗ್'. ಎಸ್‌ಎಸ್‌ಡಿಯಲ್ಲಿರುವ ತಿರುಗಾಟದ ಎಲ್‌ಆರ್‌ಕ್ಯಾಟ್ ಫೈಲ್ ತೋರಿಸಿದರೆ ಒಂದು ಕಿಟಕಿ ತೆರೆಯುತ್ತದೆ. ಎಡವಬಹುದಾದ ಜಾಗ ಇದೇ.

ಹೊಸ ಫೋಟೊಗಳನ್ನು ಏನು ಮಾಡಬೇಕು ಎಂದು ಅದು ಕೇಳುತ್ತದೆ. 'ಆಡ್ ... ವಿದೌಟ್ ಮೂವಿಂಗ್' ಆರಿಸಿದರೆ ಹೆಸರು, ತಿದ್ದುಪಡಿ ಎಲ್ಲ ತಾಯಿಗೆ ಬರುತ್ತದೆ, ಆದರೆ ಫೋಟೊ ಎಸ್‌ಎಸ್‌ಡಿಯಲ್ಲೇ ಉಳಿಯುತ್ತದೆ. ನೋಡಲು ಎಲ್ಲ ಸರಿಯಾಗಿಯೇ ಕಾಣಿಸುತ್ತದೆ. ನಾನೊಮ್ಮೆ ಹೀಗೆ ಮಾಡಿ, ಸೇರಿತು ಎಂದುಕೊಂಡು ಎಸ್‌ಎಸ್‌ಡಿ ಖಾಲಿ ಮಾಡಿದ್ದೆ. ಮರುದಿನ ಫೋಲ್ಡರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಎರಡನೇ ಎಸ್‌ಎಸ್‌ಡಿಯ ಕಾಪಿ ಇತ್ತು, ಹಾಗಾಗಿ ಬಚಾವ್. ಅದನ್ನು ಮನೆಯ ಡಿಸ್ಕಿಗೆ ಹಾಕಿ, ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಕೊಟ್ಟು ದಾರಿ ತೋರಿಸಿದೆ. ಎಲ್ಲ ಹೆಸರುಗಳ ಸಮೇತ ಜೋಡಿಸಿಕೊಂಡಿತು. ಇಂಥ ಸಂದರ್ಭದಲ್ಲಿ ಗಾಬರಿಯಿಂದ ಫೋಲ್ಡರನ್ನು ಕ್ಯಾಟಲಾಗ್‌ನಿಂದ ತೆಗೆದು ಮತ್ತೆ ಇಂಪೋರ್ಟ್ ಮಾಡಬಾರದು. ಹಾಗೆ ಮಾಡಿದರೆ ಕ್ಯಾಟಲಾಗ್‌ನಲ್ಲಿ ಬರೆದದ್ದು ಹೋಯಿತು. ಈಗ ನಾನು ಯಾವಾಗಲೂ ಆರಿಸುವುದು 'ಕಾಪಿ ನ್ಯೂ ಫೋಟೊಸ್ ಟು ಎ ನ್ಯೂ ಲೊಕೇಶನ್ ಆಂಡ್ ಇಂಪೋರ್ಟ್'. ಜಾಗವಾಗಿ ಮನೆಯ ಡಿಸ್ಕಿನ ಆ ವರ್ಷದ ಫೋಲ್ಡರ್.

ಅದೇ ಕಿಟಕಿಯಲ್ಲಿ ಕೆಳಗೆ 'ಚೇಂಜ್ಡ್ ಎಗ್ಸಿಸ್ಟಿಂಗ್ ಫೋಟೊಸ್' ಅನ್ನುವ ಭಾಗ ಇದೆ. ಎರಡೂ ಕಡೆ ಇರುವ, ಆದರೆ ಬದಲಾಗಿರುವ ಫೋಟೊಗಳು ಅಲ್ಲಿ ಬರುತ್ತವೆ. ತಿರುಗಾಟದಲ್ಲಿ ತೆಗೆದವೆಲ್ಲ ಹೊಸವು. ಹಾಗಾಗಿ ಅದು ಖಾಲಿ ಇರಬೇಕು. ಇಲ್ಲದಿದ್ದರೆ ಏನೋ ತಪ್ಪಾಗಿದೆ ಎಂದು ನಿಲ್ಲಿಸಿ ನೋಡುತ್ತೇನೆ.

ಮುಗಿದ ಮೇಲೆ ಎಣಿಸುತ್ತೇನೆ. ತಿರುಗಾಟದ ಕ್ಯಾಟಲಾಗ್‌ನಲ್ಲಿ ಎಷ್ಟಿತ್ತೋ ತಾಯಿಯಲ್ಲಿ ಅಷ್ಟು ಹೆಚ್ಚಾಗಿರಬೇಕು. ಆಮೇಲೆ ಎಸ್‌ಎಸ್‌ಡಿ ತೆಗೆದು ಪಕ್ಕಕ್ಕಿಟ್ಟು, ಅಲ್ಲೊಂದು ಇಲ್ಲೊಂದು ಫೋಟೊ ತೆರೆದು ಪೂರ್ತಿ ದೊಡ್ಡದು ಮಾಡಿ ನೋಡುತ್ತೇನೆ. ಎಸ್‌ಎಸ್‌ಡಿ ಇಲ್ಲದೆಯೂ ತೆರೆದರೆ ಫೋಟೊ ನಿಜವಾಗಿ ಮನೆಗೆ ಬಂದಿದೆ. ಕ್ಯಾಪ್ಶನ್‌ಗಳನ್ನೂ ಓದುತ್ತೇನೆ. ಅಷ್ಟಾದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್. ತಿರುಗಾಟದ ಕ್ಯಾಟಲಾಗ್‌ನ ಹೆಸರಿಗೆ 'ಸೇರಿದೆ' ಎಂದು ಸೇರಿಸಿ ಒಂದು ತಿಂಗಳು ಹಾಗೆಯೇ ಇಡುತ್ತೇನೆ. ಅದರಲ್ಲಿ ಮತ್ತೆ ಕೆಲಸ ಮಾಡುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಗತಿ ಉಂಟು, ಕೀವರ್ಡ್. ಇಲ್ಲಿ ಒಂದೊಂದಕ್ಕೂ ಎರಡು ಮೂರು ಹೆಸರು. ನಾವು ಹೊಸದುರ್ಗ ಅನ್ನುವ ಊರನ್ನು ಅಲ್ಲಿಯವರು ಕಾಞಂಗಾಡ್ ಅನ್ನುತ್ತಾರೆ. ಕೆಂಡಕ್ಕೆ ಬೀಳುವ ವಿಷ್ಣುಮೂರ್ತಿಯನ್ನು ಒಬ್ಬರು ಒತ್ತೆಕೋಲ ಅನ್ನುತ್ತಾರೆ, ಇನ್ನೊಬ್ಬರು ತೀಚಾಮುಂಡಿ ಅನ್ನುತ್ತಾರೆ. ತೆಯ್ಯಂ ಎಂದು ಬರೆಯುವುದರಲ್ಲೇ ನನಗೆ ಮೂರು ಕಾಗುಣಿತ ಇತ್ತು. ಪ್ರತಿ ತಿರುಗಾಟದಲ್ಲಿ ಹೊಸದಾಗಿ ಟೈಪ್ ಮಾಡಿದ ಕೀವರ್ಡ್‌ಗಳೆಲ್ಲ ತಾಯಿಗೆ ಬಂದು ಬೇರೆ ಬೇರೆಯಾಗಿ ಕೂತವು. ಒಂದೇ ಪದವಾದರೂ ಅಲ್ಲಿ 'ದೈವ' ಎಂಬುದರ ಒಳಗೆ, ಇಲ್ಲಿ ಹೊರಗೆ ಇದ್ದರೆ ಅದೂ ಎರಡಾಗುತ್ತದೆ. ಹುಡುಕಿದರೆ ಅರ್ಧವೇ ಸಿಗುತ್ತಿತ್ತು.

ಒಂದು ಮಳೆಗಾಲ ಪೂರ್ತಿ ಕೂತು ಇದನ್ನು ಸರಿ ಮಾಡಿದೆ. ಬೇಡದ ಕೀವರ್ಡ್ ಇರುವ ಫೋಟೊಗಳನ್ನೆಲ್ಲ ಆರಿಸಿ, ಸರಿಯಾದದ್ದನ್ನು ಹಚ್ಚಿ, ಹಳೆಯದನ್ನು ಅಳಿಸುವುದು. ಒಂದೊಂದೇ. ಪ್ರತಿ ಕೀವರ್ಡ್‌ಗೂ 'ಸಿನೊನಿಮ್ಸ್' ಎಂಬ ಜಾಗ ಇದೆ. ಹೊಸದುರ್ಗ ಮುಖ್ಯ ಹೆಸರು, ಕಾಞಂಗಾಡ್ ಅದರ ಸಿನೊನಿಮ್. ಎರಡೂ ಹೆಸರು ಒಂದೇ ಮನೆಯಲ್ಲಿ ಉಳಿಯುತ್ತವೆ. ಈಗ ಹೊರಡುವ ಮೊದಲು ತಾಯಿಯಲ್ಲಿ ಮೆಟಾಡೇಟಾ ಮೆನುವಿನಿಂದ 'ಎಕ್ಸ್‌ಪೋರ್ಟ್ ಕೀವರ್ಡ್ಸ್' ಮಾಡಿ, ಆ ಟೆಕ್ಸ್ಟ್ ಫೈಲನ್ನು ಹೊಸ ಕ್ಯಾಟಲಾಗ್‌ಗೆ ಇಂಪೋರ್ಟ್ ಮಾಡುತ್ತೇನೆ. ಎರಡು ನಿಮಿಷದ ಕೆಲಸ. ಹೇಳಿದವರು ಯಾವ ಹೆಸರು ಹೇಳಿದರೋ ಅದೇ ಪದ ಕ್ಯಾಪ್ಶನ್‌ನಲ್ಲಿ ಇರುತ್ತದೆ, ಅದನ್ನು ತಿದ್ದುವುದಿಲ್ಲ. ಕೀವರ್ಡ್ ಮಾತ್ರ ಒಂದೇ ಕ್ರಮದಲ್ಲಿ.

ಕೆಲವೊಮ್ಮೆ ಉಲ್ಟಾ ಕೆಲಸ ಬರುತ್ತದೆ. ಮನೆಯಲ್ಲಿರುವ ಹಳೆ ಫೋಟೊಗಳನ್ನು ಹೊರಗೆ ಒಯ್ಯಬೇಕು. ಅದಕ್ಕೆ ಬೇಕಾದವನ್ನು ಆರಿಸಿ 'ಎಕ್ಸ್‌ಪೋರ್ಟ್ ಆಸ್ ಕ್ಯಾಟಲಾಗ್'. ಅಲ್ಲಿ ಅಸಲು ಫೈಲುಗಳನ್ನೂ ಕಳಿಸುವ 'ಎಕ್ಸ್‌ಪೋರ್ಟ್ ನೆಗೆಟಿವ್ ಫೈಲ್ಸ್' ಟಿಕ್ ತೆಗೆದು ಸ್ಮಾರ್ಟ್ ಪ್ರಿವ್ಯೂ ಮಾತ್ರ ಇಡುತ್ತೇನೆ. ಸ್ಮಾರ್ಟ್ ಪ್ರಿವ್ಯೂ ಅಂದರೆ ಉದ್ದದ ಬದಿ ಸುಮಾರು 2,500 ಪಿಕ್ಸೆಲ್ ಇರುವ ಸಣ್ಣ ಪ್ರತಿ. ಅಸಲು ಇಲ್ಲದೆಯೂ ಅದರ ಮೇಲೆ ಬರೆಯಬಹುದು, ತಿದ್ದಬಹುದು. ನನ್ನ ಕ್ಯಾಮರಾದ ಒಂದು ರಾ ಫೈಲ್ ಸುಮಾರು 27 ಎಂಬಿ. 1,846 ಫೋಟೊ ಅಂದರೆ ಹೆಚ್ಚುಕಡಿಮೆ 50 ಜಿಬಿ. ಸ್ಮಾರ್ಟ್ ಪ್ರಿವ್ಯೂ ಆದರೆ ಎರಡು ಜಿಬಿ ಒಳಗೆ ಮುಗಿಯುತ್ತದೆ.

ಹೀಗೆ ಹೊರಗೆ ಹೋದ ಫೋಟೊಗಳನ್ನು ತಾಯಿಯಲ್ಲಿ ಕೆಂಪು ಲೇಬಲ್ ಹಾಕಿ ಗುರುತು ಮಾಡುತ್ತೇನೆ. ಅವು ವಾಪಸ್ ಬರುವವರೆಗೆ ಮನೆಯಲ್ಲಿ ಮುಟ್ಟುವುದಿಲ್ಲ. ಎರಡೂ ಕಡೆ ತಿದ್ದಿದರೆ ಸೇರಿಸುವಾಗ ಒಂದು ಕಡೆಯದ್ದು ಇನ್ನೊಂದನ್ನು ಅಳಿಸುತ್ತದೆ. ವಾಪಸ್ ತಂದಾಗ 'ಚೇಂಜ್ಡ್ ಎಗ್ಸಿಸ್ಟಿಂಗ್ ಫೋಟೊಸ್' ಭಾಗದಲ್ಲಿ 'ಮೆಟಾಡೇಟಾ ಆಂಡ್ ಡೆವಲಪ್ ಸೆಟ್ಟಿಂಗ್ಸ್ ಓನ್ಲಿ' ಆರಿಸಿ, ಹಳೆಯ ಸೆಟ್ಟಿಂಗನ್ನು ವರ್ಚುವಲ್ ಕಾಪಿಯಾಗಿ ಉಳಿಸುವ ಟಿಕ್ಕನ್ನೂ ಹಾಕುತ್ತೇನೆ. ಆಮೇಲೆ ಬೇಡವೆಂದು ಕಂಡರೆ ಆ ಕಾಪಿಗಳನ್ನು ತೆಗೆದರಾಯಿತು.

ನನ್ನ ತಾಯಿ ಕ್ಯಾಟಲಾಗ್‌ನಲ್ಲಿ 'ಹೆಸರು ಬೇಕು' ಎಂಬ ಕೀವರ್ಡ್ ಇದೆ. ಆ ಮೂರು ರಾತ್ರಿಯ ಫೋಟೊಗಳಲ್ಲಿ 14 ಇನ್ನೂ ಅದರಲ್ಲಿವೆ. ಮುಖಕ್ಕೆ ಬಣ್ಣ ಬರೆಯುತ್ತಿದ್ದ ಹುಡುಗನದ್ದೂ ಅಲ್ಲಿದೆ. ಆ ತರವಾಡಿನಲ್ಲಿ ಈ ಸಲ ಮತ್ತೆ ಕಳಿಯಾಟ ಇದೆ ಎಂದು ಅಜ್ಜ ಫೋನ್ ಮಾಡಿದ್ದಾರೆ. ಚೆಂಡೆಯವರು ಅದೇ ತಂಡವಂತೆ. ಆ 14ನ್ನೂ ಎಕ್ಸ್‌ಪೋರ್ಟ್ ಮಾಡಿ, ಕೆಂಪು ಲೇಬಲ್ ಹಾಕಿ ಇಟ್ಟಿದ್ದೇನೆ.