ಗಾಳಿ ಹಂಗೇ ಇತ್ತು, ಫ್ಯಾನ್ ನಿಂತವು

ಆಳಂದ ಕಡೆಯ ಒಂದು ವಿಂಡ್ ಫಾರ್ಮ್‌ನ ಸಬ್‌ಸ್ಟೇಷನ್‌ನಲ್ಲಿ ನಾನು ಶಿಫ್ಟ್ ಎಂಜಿನಿಯರ್. ಗಾಳಿ ಕರೆಂಟು ಜಾಸ್ತಿಯಾದರೆ ಗ್ರಿಡ್ ಕೆಡುತ್ತದಾ ಅಂತ ಕಲಬುರಗಿಯಲ್ಲಿ ಯಾರಾದರೂ ಕೇಳಿದರೆ ನನಗೆ ಮೇ ತಿಂಗಳ ಒಂದು ಸಂಜೆ ನೆನಪಾಗುತ್ತದೆ.

ಗುಡುಗು ಮಳೆ. ನಮ್ಮ 24 ಗಾಳಿ ಮಷೀನುಗಳ ಫ್ಯಾನ್ ಜೋರಾಗಿ ತಿರುಗುತ್ತಿದ್ದವು. ಟ್ಯೂಬ್‌ಲೈಟ್ ಒಮ್ಮೆ ಮಿಟುಕಿತು, ಅಷ್ಟೇ. ನಮ್ಮ ಲೈನ್ ಟ್ರಿಪ್ ಆಗಿರಲಿಲ್ಲ. ಆದರೆ ಸ್ಕ್ರೀನಿನಲ್ಲಿ 9 ಮಷೀನ್ ಕೆಂಪು.

"ಸಾಹೇಬ್ರ, ಗಾಳಿ ಹಂಗೇ ಅದ, ಫ್ಯಾನ್ ಯಾಕ ನಿಂತಾವ್ರಿ?" ಅಂದ ಹೆಲ್ಪರ್.

ಲೈನಿನಲ್ಲಿ ದೋಷ ಕಂಡರೆ ಕಟ್ ಮಾಡಿಸುವ ರಿಲೇಯ ದಾಖಲೆ ತೆಗೆದು ನೋಡಿದೆ. ಪಕ್ಕದ ಲೈನಿಗೆ ಸಿಡಿಲು ಬಡಿದಿತ್ತು. ಸುಮಾರು 0.1 ಸೆಕೆಂಡಿನಲ್ಲಿ ಆ ಲೈನ್ ಕಟ್ಟಾಯಿತು. ಅಷ್ಟು ಹೊತ್ತು ನಮ್ಮಲ್ಲೂ ವೋಲ್ಟೇಜ್ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ನಿಯಮದ ಪ್ರಕಾರ ವೋಲ್ಟೇಜ್ ಶೇ. 15ಕ್ಕೆ ಇಳಿದರೂ ಮಷೀನ್ 0.3 ಸೆಕೆಂಡ್ ಗ್ರಿಡ್ ಬಿಡಬಾರದು. ಒಂದು ಕಡೆ ಫಾಲ್ಟ್ ಆದರೆ ಸುತ್ತಲಿನ ಎಲ್ಲ ಫಾರ್ಮ್‌ಗಳಲ್ಲೂ ವೋಲ್ಟೇಜ್ ಕುಸಿಯುತ್ತದೆ. ಎಲ್ಲರೂ ಒಟ್ಟಿಗೆ ಕೈಬಿಟ್ಟರೆ ಫಾಲ್ಟ್ ಹೋದ ಮೇಲೆ ಕರೆಂಟೇ ಸಾಲುವುದಿಲ್ಲ, ಗ್ರಿಡ್‌ನ ಫ್ರೀಕ್ವೆನ್ಸಿ 50 ಹರ್ಟ್ಜ್‌ಗಿಂತ ಕೆಳಗೆ ಜಾರುತ್ತದೆ. ನಮ್ಮ 9 ಮಷೀನಿಗೆ ಗ್ರಿಡ್ ಅಲುಗುವುದಿಲ್ಲ, ನಿಜ. ಆದರೆ 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿರುಗಾಳಿಗೆ ಲೈನುಗಳು ಬಿದ್ದು ವೋಲ್ಟೇಜ್ ಮೇಲಿಂದ ಮೇಲೆ ಕುಸಿದಾಗ, ಮಷೀನುಗಳ ಒಳಗಿದ್ದ ಸೆಟ್ಟಿಂಗ್‌ನಿಂದಾಗಿ 456 ಮೆಗಾವ್ಯಾಟ್ ಗಾಳಿ ವಿದ್ಯುತ್ ಹೋಯಿತು. ಇಡೀ ರಾಜ್ಯ ಕತ್ತಲಾಯಿತು.

ಆ ರಾತ್ರಿ 9 ಮಷೀನುಗಳ ಲಾಗ್ ಪಕ್ಕಪಕ್ಕ ಇಟ್ಟು ಕೂತೆ. ಒಂಬತ್ತಕ್ಕೂ ಆ ಬೇಸಿಗೆಯಲ್ಲಿ, ಮಷೀನ್ ನಡೆಸುವ ಕಂಟ್ರೋಲರ್ ಕಾರ್ಡ್ ಬದಲಾಗಿತ್ತು. ಹೊಸ ಕಾರ್ಡಿನಲ್ಲಿ ಕಾರ್ಖಾನೆಯ ಸೆಟ್ಟಿಂಗ್ ಹಾಗೇ ಉಳಿದಿತ್ತು: ವೋಲ್ಟೇಜ್ ಶೇ. 85ಕ್ಕಿಂತ ಇಳಿದರೆ 0.04 ಸೆಕೆಂಡಿನಲ್ಲಿ ಬಂದ್. ಟೆಸ್ಟ್ ರಿಪೋರ್ಟಿಗೆ ಸಹಿ ನನ್ನದೇ. ಕಾಗದ ನೋಡಿದ್ದೆ, ಕಾರ್ಡ್ ನೋಡಿರಲಿಲ್ಲ.

ಎರಡು ದಿನ ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ಟವರಿಂದ ಟವರಿಗೆ ಓಡಾಡಿ ಸರಿ ಮಾಡಿದೆವು. ಎರೆ ಮಣ್ಣು ನೆಂದಿತ್ತು, ಜೀಪು ಎರಡು ಸಲ ಹೂತುಕೊಂಡಿತು. ಈಗ ಕಾರ್ಡ್ ಬದಲಾದರೆ ಸೆಟ್ಟಿಂಗ್ ಪರದೆಯ ಫೋಟೊ ನನ್ನ ಫೋನಿಗೆ ಬರಬೇಕು. ಅದಿಲ್ಲದೆ ಸ್ಟಾರ್ಟ್ ಇಲ್ಲ. ಸುಮ್ನೆ ಕಿರಿಕಿರಿ ಅಂತ ಹುಡುಗರು ಗೊಣಗುತ್ತಾರೆ.

ಜೂನ್‌ನಲ್ಲಿ ಮತ್ತೆ ಟ್ಯೂಬ್‌ಲೈಟ್ ಮಿಟುಕಿತು. ಚಾ ಬಿಟ್ಟು ಸ್ಕ್ರೀನ್ ಕಡೆ ಓಡಿದೆ. 23 ಹಸಿರು, 1 ಕೆಂಪು. ಅದು ಗೇರ್‌ಬಾಕ್ಸ್ ಎಣ್ಣೆ ಬಿಸಿಯಾಗಿ ಮಧ್ಯಾಹ್ನವೇ ನಿಂತಿದ್ದ ಮಷೀನು.