ಥ್ರೆಡ್ ಎಲ್ಲಿ ಕೊರೆಯಬೇಕು, ಎಲ್ಲಿ ಬರೆಯಬೇಕು

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಹೈಡ್ರಾಲಿಕ್ ಪವರ್ ಪ್ಯಾಕ್ (ಎಣ್ಣೆಯ ಒತ್ತಡದಿಂದ ಯಂತ್ರಕ್ಕೆ ಬಲ ಕೊಡುವ ಘಟಕ) ಮಾಡುವ ಒಂದು ಸಣ್ಣ ವರ್ಕ್‌ಶಾಪಿಗೆ ನಾನು ಡ್ರಾಯಿಂಗ್ ಮಾಡಿಕೊಡುತ್ತೇನೆ. ಕೆಲಸ ಎಲ್ಲ ಫ್ರೀಕ್ಯಾಡ್‌ನಲ್ಲಿ, ಅಂದರೆ ಬಿಡಿಭಾಗಗಳ 3ಡಿ ಮಾಡೆಲ್, ಡ್ರಾಯಿಂಗ್ ಮಾಡುವ ಉಚಿತ ಸಾಫ್ಟ್‌ವೇರಿನಲ್ಲಿ. ಮೊದಲು ಬಂದದ್ದು ಎಣ್ಣೆ ಟ್ಯಾಂಕಿನ ಮುಚ್ಚಳ. ಸುತ್ತ 24 ಬೋಲ್ಟು, ಎಲ್ಲವೂ ಎಂ12, ಅಂದರೆ 12 ಮಿಲಿಮೀಟರ್ ವ್ಯಾಸದವು. ಬೋಲ್ಟ್ ಅಂದಮೇಲೆ ಥ್ರೆಡ್ ಕಾಣಬೇಕಲ್ವಾ ಅಂತ ಒಂದೊಂದಕ್ಕೂ ಹೆಲಿಕ್ಸ್ (ಸುರುಳಿ ಗೆರೆ) ಹಾಕಿ ನಿಜವಾದ ಥ್ರೆಡ್ ಕೊರೆದೆ. ತೂತುಗಳಿಗೂ ಹಾಗೇ. ಸ್ಕ್ರೀನಿನ ಮೇಲೆ ಬಹಳ ಚಂದ ಕಂಡಿತು. ಆದರೆ ಎಲ್ಲೋ ಒಂದು ಅಳತೆ ಬದಲಿಸಿದರೆ ಸಾಕು, ಲ್ಯಾಪ್‌ಟಾಪ್ ನಿಂತೇಬಿಡುತ್ತಿತ್ತು. ಚಹಾ ಕುಡಿದು ಬಂದರೂ ಅದರ ಲೆಕ್ಕ ಮುಗಿದಿರುತ್ತಿರಲಿಲ್ಲ.

ಆ ಡ್ರಾಯಿಂಗ್ ಫಿಟ್ಟರ್ ಕಾಕಾನ ಕೈಗೆ ಹೋಯಿತು. ಅವರು ಕನ್ನಡಕ ಮೇಲಕ್ಕೇರಿಸಿ ನೋಡಿದರು. "ಆಟೆ ಚಂದ ತಗದೀ ತಮ್ಮಾ. ಪಿಚ್ ಎಲ್ಲಿ ಬರದೀ? ಡ್ರಿಲ್ ಎಷ್ಟರದು ಹಾಕಲಿ?" ಅಂದರು. (ಥ್ರೆಡ್ಡಿಗೆ ಮರಾಠಿಯಲ್ಲಿ ಆಟೆ ಅಂತಾರೆ.) ಪಿಚ್ ಅಂದರೆ ಥ್ರೆಡ್ಡಿನ ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ಇರುವ ದೂರ. ಎಂ12 ಅಂದರೆ ಸಾಮಾನ್ಯವಾಗಿ 1.75 ಮಿಲಿಮೀಟರ್ ಪಿಚ್. ಆದರೆ ಫೈನ್ ಥ್ರೆಡ್‌ನಲ್ಲಿ 1.5 ಇದೆ, 1.25 ಕೂಡ ಇದೆ. ಚಿತ್ರ ನೋಡಿ ಅದು ಗೊತ್ತಾಗುವುದಿಲ್ಲ. ಕಾಕಾ ಥ್ರೆಡ್ ಮಾಡುವುದು ಟ್ಯಾಪ್ ಹಾಕಿ, ಅಂದರೆ ಡ್ರಿಲ್ ಮಾಡಿದ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ ತಿರುಗಿಸಿ. ಅವರಿಗೆ ಬೇಕಿದ್ದದ್ದು ಒಂದು ಸಾಲು ಬರಹ.

ಅವತ್ತಿನಿಂದ ಲೋಹಕ್ಕೆ ಹೋಗುವ ಕೆಲಸದಲ್ಲಿ ನಾನು ಥ್ರೆಡ್ ಕೊರೆಯುವುದಿಲ್ಲ, ಬರೆಯುತ್ತೇನೆ. ಹೋಲ್ ಟೂಲ್‌ನಲ್ಲಿ ಎಂ12×1.75 ಅಂತ ಆರಿಸಿ, ಥ್ರೆಡ್ ಮಾಡೆಲ್ ಮಾಡುವ ಆಯ್ಕೆ ಬಿಟ್ಟುಬಿಡುತ್ತೇನೆ. ಮಾಡೆಲ್‌ನಲ್ಲಿ ನಯವಾದ ತೂತು ಅಷ್ಟೇ. ಡ್ರಾಯಿಂಗ್‌ನಲ್ಲಿ ಟ್ಯಾಪ್ ಡ್ರಿಲ್ 10.2 ಅಂತ ಬರೆದು, ತೂತಿನ ಹೊರಗೆ ತೆಳು ಗೆರೆಯಲ್ಲಿ ಮುಕ್ಕಾಲು ವೃತ್ತ ಎಳೆಯುತ್ತೇನೆ, ಅದು ಥ್ರೆಡ್ಡಿನ ಗುರುತು. ತೂತು ಆರುಪಾರು ಇಲ್ಲದಿದ್ದರೆ ಡ್ರಿಲ್ ಆಳ, ಥ್ರೆಡ್ ಆಳ ಎರಡನ್ನೂ ಬೇರೆ ಬೇರೆ ಕೊಡುತ್ತೇನೆ. ಟ್ಯಾಪಿನ ತುದಿ ಚೂಪಾಗಿರುತ್ತದೆ, ತಳದವರೆಗೆ ಪೂರ್ತಿ ಥ್ರೆಡ್ ಬೀಳುವುದಿಲ್ಲ. 20 ಮಿಲಿಮೀಟರ್ ಥ್ರೆಡ್ ಬೇಕಿದ್ದರೆ ಡ್ರಿಲ್ 27. ಬೋಲ್ಟುಗಳು ಫಾಸ್ಟ್‌ನರ್ಸ್ ವರ್ಕ್‌ಬೆಂಚಿನಿಂದ (ಸಿದ್ಧ ಬೋಲ್ಟು, ನಟ್ಟು ಕೊಡುವ ಫ್ರೀಕ್ಯಾಡ್‌ನ ಆಡ್‌ಆನ್), ಥ್ರೆಡ್ ಇಲ್ಲದೆ. ಅದೇ ಮುಚ್ಚಳ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ.

ನಿಜವಾಗಿ ಕೊರೆಯಲೇಬೇಕಾದ ಕೆಲಸವೂ ಒಂದು ಬಂತು. ಪೇಂಟ್ ಹೊಡೆಯುವಾಗ ಅರ್ಧ ಇಂಚಿನ ಬಿಎಸ್‌ಪಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್) ಪೋರ್ಟಿನೊಳಗೆ, ಅಂದರೆ ಪೈಪ್ ಜೋಡಿಸುವ ತೂತಿನೊಳಗೆ, ಬಣ್ಣ ಹೋಗದಂತೆ ಪ್ಲಾಸ್ಟಿಕ್ ಪ್ಲಗ್ ಬೇಕಿತ್ತು, 3ಡಿ ಪ್ರಿಂಟರಿನಲ್ಲಿ. ಪ್ರಿಂಟರಿಗೆ ಬರಹ ಓದಲು ಬರುವುದಿಲ್ಲ. ಆಕಾರವನ್ನೇ ಕೊಡಬೇಕು.

ಪೋರ್ಟಿಗೆ ಹಾಕುವ ಅಡಾಪ್ಟರ್ ತಂದು ವರ್ನಿಯರ್ ಹಿಡಿದು ಅಳೆದೆ. ಹೆಸರು ಅರ್ಧ ಇಂಚು, ಹೊರವ್ಯಾಸ ಮಾತ್ರ 21 ಮಿಲಿಮೀಟರಿನ ಹತ್ತಿರ! ಹೆಸರಿನ ಅಳತೆ ಹಳೇ ಕಾಲದ ಪೈಪಿನ ಒಳಗಿನ ತೂತಿನದು. ನಾನು 21 ವ್ಯಾಸ, 1.75 ಪಿಚ್, ಥ್ರೆಡ್ಡಿನ ಕೋನ 60 ಡಿಗ್ರಿ ಅಂತ ಮೆಟ್ರಿಕ್ ಲೆಕ್ಕದಲ್ಲೇ ಮಾಡಿದೆ. ಪ್ಲಗ್ ಎರಡು ಸುತ್ತು ಹೋಯಿತು, ಹಿಡಿದುಕೊಂಡಿತು. ಬಲವಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಪುಡಿ ಉದುರಿತು.

ಬಿಎಸ್‌ಪಿ ಅಂದರೆ ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ 55 ಡಿಗ್ರಿಯ ಆಕಾರದ ಪೈಪ್ ಥ್ರೆಡ್. ಅರ್ಧ ಇಂಚಿನದಕ್ಕೆ ಇಂಚಿಗೆ 14 ಥ್ರೆಡ್, ಅಂದರೆ ಪಿಚ್ 1.814. ಹೊರವ್ಯಾಸ 20.955, ಆಳ 1.162. ಸುತ್ತಿಗೆ 0.064ರ ವ್ಯತ್ಯಾಸ ಕಾಣಲು ಏನೂ ಅಲ್ಲ. ಆದರೆ ಪ್ರತಿ ಸುತ್ತಿಗೂ ಅದು ಸೇರುತ್ತಾ ಹೋಗುತ್ತದೆ, ಹಾಗಾಗಿಯೇ ಸಿಕ್ಕಿಕೊಂಡದ್ದು.

ಎರಡನೇ ಸಲ ಮಾಡಿದಾಗ ಸಾಫ್ಟ್‌ವೇರೇ ತಕರಾರು ತೆಗೆಯಿತು. ಕೊರೆಯುವ ತ್ರಿಕೋನದ ಅಗಲ ಪಿಚ್ಚಿನಷ್ಟೇ ಇದ್ದರೆ ಒಂದು ಸುತ್ತು ಪಕ್ಕದ ಸುತ್ತನ್ನು ಮುಟ್ಟುತ್ತದೆ, ಹೆಲಿಕ್ಸ್ ಕೆಡುತ್ತದೆ. ತ್ರಿಕೋನ ಬಿಟ್ಟು ತುದಿ ಕತ್ತರಿಸಿದ ಆಕಾರ ಬರೆದೆ: ಬಾಯಿ 1.51, ತಳ 0.3. ಸುತ್ತುಗಳ ನಡುವೆ ಸಣ್ಣ ಚಪ್ಪಟೆ ಉಳಿಯಿತು, ತಕರಾರು ನಿಂತಿತು. ಹೆಲಿಕ್ಸನ್ನು ಪ್ಲಗ್ಗಿನ ಮುಖಕ್ಕಿಂತ ಒಂದು ಪಿಚ್ ಆಚೆಯಿಂದ ಶುರು ಮಾಡಿದೆ. ಇಲ್ಲದಿದ್ದರೆ ತುದಿಯಲ್ಲಿ ಥ್ರೆಡ್ ಅರ್ಧಕ್ಕೇ ನಿಂತು, ಪೋರ್ಟಿಗೆ ಹಿಡಿಯುವುದೇ ಇಲ್ಲ. ಮುಖದ ಅಂಚಿಗೆ ಚಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಬೇಕೇ ಬೇಕು.

ಅಳತೆ ಸರಿಯಾಗಿದ್ದರೂ ಪ್ರಿಂಟ್ ಬಿಗಿಯಾಯಿತು. ಪ್ಲಾಸ್ಟಿಕ್ ಪದರ ಸ್ವಲ್ಪ ಉಬ್ಬುತ್ತದೆ. ಆಳ ಹಾಗೇ ಇಟ್ಟು, ಇಡೀ ಥ್ರೆಡ್ಡನ್ನು ವ್ಯಾಸದಲ್ಲಿ 0.3 ಒಳಗೆ ತಂದೆ. ಪಿಚ್ ಮಾತ್ರ ಮುಟ್ಟಲಿಲ್ಲ. ನಿಲ್ಲಿಸಿ ಪ್ರಿಂಟ್ ಮಾಡಿದೆ, ಮಲಗಿಸಿದರೆ ಥ್ರೆಡ್ಡಿನ ಕೆಳಭಾಗ ಜೋತುಬೀಳುತ್ತದೆ.

ಆ ಪ್ಲಗ್ ಕಾಕಾನ ಕೈಗೆ ಕೊಟ್ಟೆ. ಎರಡು ಬೆರಳಿನಲ್ಲಿ ತಿರುಗಿಸುತ್ತಾ ಕಡೇವರೆಗೆ ಇಳಿಸಿದರು. ಮತ್ತೆ ಬಿಚ್ಚಿ, ಮತ್ತೆ ಹಾಕಿದರು. "ಹಿಂತಾದ್ದೇ ಮೂರು ಸೂತಿಂದೂ ಮಾಡಿಕೊಡು" ಅಂದರು. ಮೂರು ಸೂತು ಅಂದರೆ ಇಂಚಿನ ಎಂಟರಲ್ಲಿ ಮೂರು ಭಾಗ (3/8). ಅಳತೆ ಎಲ್ಲ ಫ್ರೀಕ್ಯಾಡ್‌ನ ಸ್ಪ್ರೆಡ್‌ಶೀಟ್‌ನಲ್ಲೇ ಇಟ್ಟಿದ್ದೆ. ಹೊರವ್ಯಾಸ 16.662, ಪಿಚ್ 1.337, ಆಳ 0.856 ಅಂತ ಬದಲಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಪ್ರಿಂಟರ್ ಓಡುತ್ತಿತ್ತು.