ಉಪ್ಪುನೀರಲ್ಲಿ ಸೌತೆಕಾಯಿ: ಮೆತ್ತಗಾಗದ ಹಾಗೆ ಹುಳಿ ಬರಿಸೋದು ಹೇಗೆ

ಸೌತೆಕಾಯಿನ ಉಪ್ಪುನೀರಲ್ಲಿ ಹಾಕಿ ಹುಳಿ ಬರಿಸೋದೇನೂ ದೊಡ್ಡ ವಿಷಯ ಅಲ್ಲ, ಕಚ್ಚಿದ್ರೆ ಕಟುಂ ಅನ್ನೋ ಹಾಗೆ ಬರಿಸೋದ್ರಲ್ಲೇ ಇರೋದು ಕೆಲಸ. ಎಲ್ರೂ ಮಸಾಲೆ ಬಗ್ಗೆನೇ ತಲೆ ಕೆಡಿಸ್ಕೋತಾರೆ, ಆದ್ರೆ ಕಾಯಿ ಎಳೇದಾಗಿದ್ದು, ಉಪ್ಪಿನ ತೂಕ ಸರಿಯಾಗಿದ್ದು, ಕಾಯಿ ನೀರೊಳಗೆ ಮುಳುಗಿದ್ರೆ ಮಸಾಲೆ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ.

ಕಾಯಿ ಚಿಕ್ಕದಾಗಿ ಗಟ್ಟಿಯಾಗಿರ್ಲಿ, ಬೀಜ ಬಲಿತಿರೋದು, ಹಳದಿ ತಿರುಗಿರೋದು ಬೇಡ. ಮೇಣ ಹಚ್ಚಿ ಫಳಫಳ ಅಂತಿರೋದಂತೂ ಬೇಡ್ವೇ ಬೇಡ, ಉಪ್ಪುನೀರು ಒಳಗೆ ಇಳಿಯೋದೇ ಇಲ್ಲ. ಕಿತ್ತ ದಿನವೇ ಹಾಕಿದ್ರೆ ಬೆಸ್ಟು, ಸ್ವಲ್ಪ ಬಾಡಿದ್ರೆ ಐಸ್ ನೀರಲ್ಲಿ ಒಂದೆರಡು ಗಂಟೆ ಬಿಡಿ.

ಈಗ ಎಲ್ರೂ ಮರೆಯೋ ಕೆಲಸ. ಕಾಯಿಯ ಒಂದು ತುದಿಲಿ ತೊಟ್ಟಿರುತ್ತೆ, ಇನ್ನೊಂದು ತುದಿಲಿ ಹೂವು ಉದುರಿದ ಜಾಗ, ಒರಟಾದ ಸಣ್ಣ ಚುಕ್ಕಿ ತರ ಕಾಣುತ್ತೆ ನೋಡಿ. ಆ ಹೂವಿನ ತುದಿನ 2 ಮಿ.ಮೀ.ನಷ್ಟು ಕತ್ತರಿಸಿ ಬಿಸಾಕಿ. ಕಾಯಿನ ಮೆತ್ತಗೆ ಮಾಡೋ ಎನ್‌ಜೈಮ್ ಅಲ್ಲೇ ಇರೋದು. ಯಾವ ತುದಿ ಅಂತ ಡೌಟ್ ಬಂದ್ರೆ ಎರಡೂ ಕಡೆ ತೆಗೀರಿ, ಗಂಟೇನೂ ಹೋಗಲ್ಲ.

1 ಲೀಟರ್ ನೀರಿಗೆ 50 ಗ್ರಾಂ ಉಪ್ಪು, ತಂಪಿರೋ ಕಾಲದಲ್ಲಾದ್ರೆ 35-40 ಗ್ರಾಂ ಸಾಕು. ಚಮಚದಲ್ಲಿ ಅಳೀಬೇಡಿ, ಕಲ್ಲುಪ್ಪು ಪುಡಿಯುಪ್ಪು ಎರಡೂ ಒಂದೇ ಚಮಚಕ್ಕೆ ಬೇರೆಬೇರೆ ತೂಕ ಬರುತ್ತೆ. ಉಪ್ಪು ಗಂಟು ಕಟ್ಟದಿರ್ಲಿ ಅಂತ ಏನಾದ್ರೂ ಬೆರೆಸಿರ್ತಾರಲ್ಲ, ಅದ್ರಿಂದ ನೀರು ಮೊದಲ ದಿನವೇ ಕದಡುತ್ತೆ, ಆಮೇಲೆ ಹುದುಗು ಶುರುವಾಗಿದ್ದು ಯಾವಾಗ ಅಂತ ಗೊತ್ತಾಗಲ್ಲ, ಹಾಗಾಗಿ ಏನೂ ಸೇರಿಸದ ಉಪ್ಪು ಒಳ್ಳೇದು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ ಅಂದ್ರೆ ಕುದಿಸಿ ಆರಿಸ್ಕೊಳ್ಳಿ, ಇಲ್ಲಾಂದ್ರೆ ಹುಳಿ ಮಾಡೋ ಬ್ಯಾಕ್ಟೀರಿಯಾ ಸರಿಯಾಗಿ ಏಳದೇ ಇರಬಹುದು.

ತೊಳೆದು ಒಣಗಿಸಿದ ಗಾಜಿನ ಜಾಡಿಗೆ ಬೆಳ್ಳುಳ್ಳಿ, ಸಬ್ಬಸಿಗೆ, ಸಾಸಿವೆ, ಕಾಳುಮೆಣಸು ಹಾಕಿ, ಕಾಯಿಗಳನ್ನ ನಿಲ್ಲಿಸಿ ಒತ್ತೊತ್ತಾಗಿ ತುಂಬಿ. ದ್ರಾಕ್ಷಿ ಎಲೆ ಸಿಕ್ಕಿದ್ರೆ ಒಂದೆರಡು ಹಾಕಿ, ಅದ್ರಲ್ಲಿರೋ ಟ್ಯಾನಿನ್ ಅನ್ನೋ ಒಗರು ಅಂಶದಿಂದ ಕಾಯಿ ಗಟ್ಟಿಯಾಗಿ ಉಳಿಯುತ್ತೆ. ಉಪ್ಪುನೀರು ಹಾಕ್ಬಿಟ್ಟು ಮೇಲೆ ಒಂದು ಚಿಕ್ಕ ಗಾಜಿನ ಬಟ್ಟಲೋ ಮತ್ತೊಂದೋ ಭಾರ ಇಡಿ, ಕಾಯಿ ತಲೆ ಎತ್ತಬಾರ್ದು, ಎತ್ತಿದ ಜಾಗದಲ್ಲೇ ಬೂಷ್ಟು ಹಿಡಿಯೋದು. ಬಾಯಿವರೆಗೂ ತುಂಬಬೇಡಿ, 2-3 ಸೆಂ.ಮೀ. ಖಾಲಿ ಇರ್ಲಿ, ಮುಚ್ಚಳ ಸಡಿಲವಾಗಿ ಮುಚ್ಚಿ ಕೆಳಗೊಂದು ತಟ್ಟೆ ಇಡಿ, ಉಕ್ಕಿ ಚೆಲ್ಲುತ್ತೆ.

18ರಿಂದ 22 ಡಿಗ್ರಿ ಇರೋ ಕತ್ತಲೆ ಮೂಲೆ ಸರಿಯಾದ ಜಾಗ. ಎರಡು ಮೂರು ದಿನಕ್ಕೆ ಗುಳ್ಳೆ ಏಳುತ್ತೆ, ನೀರು ಮಬ್ಬಾಗುತ್ತೆ, ಕಡು ಹಸಿರು ಹೋಗಿ ಮಂಕು ಹಸಿರಾಗುತ್ತೆ, ತಳದಲ್ಲಿ ಬಿಳಿ ಪುಡಿ ಕೂರುತ್ತೆ, ಕೆಲವೊಮ್ಮೆ ಬೆಳ್ಳುಳ್ಳಿ ನೀಲಿ ಬಣ್ಣಕ್ಕೂ ತಿರುಗುತ್ತೆ! ಗಾಬರಿ ಬೇಡ, ಇದೆಲ್ಲ ಮಾಮೂಲಿ. ಮೇಲೆ ತೆಳ್ಳಗೆ ಬಿಳಿ ಪೊರೆ ಬಂದ್ರೆ ಅದು ಯೀಸ್ಟ್, ಚಮಚದಲ್ಲಿ ತೆಗೆದ್ರಾಯ್ತು. ಆದ್ರೆ ನೂಲುನೂಲಾಗಿ ಹಸಿರೋ ಕಪ್ಪೋ ಬೂಷ್ಟು ಬಂದ್ರೆ, ಕಾಯಿ ಲೋಳೆಲೋಳೆ ಆಗಿದ್ರೆ, ಕೊಳೆತ ವಾಸನೆ ಹೊಡೆದ್ರೆ ರುಚಿ ನೋಡೋಕೂ ಹೋಗ್ದೆ ಪೂರ್ತಿ ಚೆಲ್ಲಿ.

ಐದಾರು ದಿನಕ್ಕೆ ಅರ್ಧ ಹುಳಿ, ಕತ್ತರಿಸಿದ್ರೆ ಮಧ್ಯ ಇನ್ನೂ ಬೆಳ್ಳಗಿರುತ್ತೆ, ನಂಗೆ ಇದೇ ಇಷ್ಟ. ಪೂರ್ತಿ ಹುಳಿ ಬೇಕಂದ್ರೆ ಮೂರ್ನಾಲ್ಕು ವಾರ. ಸೆಖೆ ಜಾಸ್ತಿ ಇದ್ರೆ ಎಲ್ಲಾ ಬೇಗ ಆಗುತ್ತೆ, ಮೆತ್ತಗಾಗೋದೂ ಅಷ್ಟೇ ಬೇಗ, ಅದಕ್ಕೆ ಮೂರನೇ ದಿನದಿಂದಲೇ ರುಚಿ ನೋಡ್ತಾ ಇರಿ. ಬೇಕಾದಷ್ಟು ಹುಳಿ ಆದ ತಕ್ಷಣ ಅದೇ ನೀರಿನ ಸಮೇತ ಫ್ರಿಜ್‌ಗೆ.

ಅಷ್ಟೊಂದು ಕಾಯೋಕೆ ಆಗಲ್ಲ ಅನ್ನೋರು 5% ವಿನೆಗರ್, ನೀರು ಸಮಸಮ ತಗೊಂಡು ಉಪ್ಪು, ಚೂರು ಸಕ್ಕರೆ ಹಾಕಿ ಕುದಿಸಿ, ಬಿಲ್ಲೆ ಹೆಚ್ಚಿದ ಸೌತೆಕಾಯಿ ಮೇಲೆ ಸುರೀರಿ, ಆರಿದ್ಮೇಲೆ ಫ್ರಿಜ್‌ಗಿಟ್ರೆ ಮಾರನೇ ದಿನ ತಿನ್ಬಹುದು. ರುಚಿ ಬೇರೆನೇ, ಹುದುಗಿದ ಹುಳಿಯ ಘಮ ಇದಕ್ಕೆ ಬರಲ್ಲ. ಮತ್ತೆ ಇದನ್ನ ಹೊರಗೆ ಇಡೋ ಹಾಗಿಲ್ಲ, ಫ್ರಿಜ್ಜಲ್ಲೇ ಇಟ್ಕೊಂಡು ಬೇಗ ಖಾಲಿ ಮಾಡ್ಬೇಕು.